ಅತ್ಯಲ್ಪ ಘರ್ಷಣೆಯ ಮಾಪನ: ಎಣ್ಣೆ ಮತ್ತು ಲೇಪನದ ನಡುವೆ

ಒಂದರ ಮೇಲೊಂದು ಜಾರುವ ಎರಡು ಮೇಲ್ಮೈಗಳಿಗೆ ಗಟ್ಟಿ ಲೇಪನವೂ ಇದ್ದು ಎಣ್ಣೆಯೂ ಸೇರಿದಾಗ ಅವುಗಳ ನಡುವಿನ ಘರ್ಷಣೆ ತೀರ ಕಡಿಮೆಯಾಗುತ್ತದೆ. ಅದನ್ನು ನಂಬಿಕೆಗೆ ಅರ್ಹವಾಗಿ ಅಳೆಯುವುದು ಟ್ರೈಬಾಲಜಿಯ ಅತ್ಯಂತ ಕಷ್ಟದ ಕೆಲಸಗಳಲ್ಲಿ ಒಂದು. ಘರ್ಷಣೆ, ಸವೆತ, ಕೀಲೆಣ್ಣೆ ಈ ಮೂರನ್ನೂ ಒಟ್ಟಿಗೆ ನೋಡುವ ಶಾಸ್ತ್ರಕ್ಕೆ ಟ್ರೈಬಾಲಜಿ ಎಂಬ ಹೆಸರು ಬಳಕೆಗೆ ಬಂದದ್ದು 1966ರಲ್ಲಿ, ಬ್ರಿಟನ್ನಿನ ಪೀಟರ್ ಜೋಸ್ಟ್ ಸಮಿತಿಯ ವರದಿಯಿಂದ. ಹೆಸರು ಹೊಸದಾದರೂ ವಿದ್ಯೆ ಹಳೆಯದು. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಎತ್ತಿನಗಾಡಿಯ ಅಚ್ಚಿಗೆ ಹಚ್ಚುತ್ತಿದ್ದ ನಮ್ಮ ರೈತ, ದ್ರವದ ಜೊತೆಗೆ ಇಂಗಾಲವನ್ನೂ ಸೇರಿಸಿದರೆ ಕೀಲು ಹಗುರವಾಗಿ ತಿರುಗುತ್ತದೆಂದು ಅನುಭವದಿಂದ ಬಲ್ಲವನಾಗಿದ್ದ. ಇಂದಿನ ಎಂಜಿನ್ನುಗಳಲ್ಲಿ ವಜ್ರದಂಥ ಇಂಗಾಲದ ಲೇಪನದ ಮೇಲೆ ಎಣ್ಣೆ ಹರಿಯುವಾಗಲೂ ಸೇರುವ ಜೋಡಿ ಅದೇ.

ಘರ್ಷಣೆಯ ಬಲವನ್ನು ಒತ್ತುವ ಭಾರದಿಂದ ಭಾಗಿಸಿದರೆ ಬರುವ ಸಂಖ್ಯೆ ಘರ್ಷಣಾಂಕ. ಒಣ ಉಕ್ಕಿನ ಮೇಲೆ ಒಣ ಉಕ್ಕು ಜಾರಿದರೆ ಅದು ಸುಮಾರು 0.5ರಿಂದ 0.8. ಎಣ್ಣೆ ತೆಳುವಾಗಿ ಹಿಡಿದ ಉಕ್ಕಿನಲ್ಲಿ 0.1ರ ಆಸುಪಾಸು. ಒಳ್ಳೆಯ ಲೇಪನ ಮತ್ತು ಅದಕ್ಕೆ ಹೊಂದುವ ಎಣ್ಣೆ ಸೇರಿದರೆ 0.05, 0.02ರವರೆಗೆ ಇಳಿಯುತ್ತದೆ. 0.01ಕ್ಕಿಂತಲೂ ಕೆಳಗಿಳಿದರೆ ಅತಿಜಾರು ಸ್ಥಿತಿ ಎನ್ನುವುದು ರೂಢಿ. ಆರೋಗ್ಯವಂತ ಮಂಡಿಯ ಮೃದ್ವಸ್ಥಿ ಈ ಮಟ್ಟದ ಆಸುಪಾಸಿನಲ್ಲೇ ಕೆಲಸ ಮಾಡುತ್ತದೆ.

ಬೆಂಗಳೂರಿನ ಪಶ್ಚಿಮ ಭಾಗಕ್ಕೆ ಈ ವಿಷಯ ಹೊರಗಿನದಲ್ಲ. ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟ್, ಕಾಮಾಕ್ಷಿಪಾಳ್ಯ ಮತ್ತು ಮಾಗಡಿ ರಸ್ತೆಯ ಆಚೀಚೆಯ ಶೆಡ್ಡುಗಳು, ಬಸವೇಶ್ವರನಗರ ದಾಟಿದರೆ ಸಿಗುವ ಪೀಣ್ಯ, ಮೈಸೂರು ರಸ್ತೆಯಲ್ಲಿ ಕೆಂಗೇರಿಯಿಂದ ಮುಂದೆ ಬಿಡದಿಯ ವಾಹನ ಕಾರ್ಖಾನೆಗಳು, ಇವೆಲ್ಲ ಸೇರಿ ದೇಶದಲ್ಲೇ ದಟ್ಟವಾದ ಯಂತ್ರಭಾಗಗಳ ಪ್ರದೇಶವೊಂದಾಗಿದೆ. ಸಣ್ಣ ಕೈಗಾರಿಕೆಗಳಿಗೆ ಶೆಡ್ಡು ಒದಗಿಸುವ ಕೆಎಸ್‌ಎಸ್‌ಐಡಿಸಿ 1960ರಲ್ಲಿ ಹುಟ್ಟಿತು, ಅದರ ಕಚೇರಿ ರಾಜಾಜಿನಗರದಲ್ಲೇ ಇದೆ. ಯಶವಂತಪುರದಾಚೆ ತುಮಕೂರು ರಸ್ತೆಯ ಸಿಎಂಟಿಐ, ಅಂದರೆ ಯಂತ್ರೋಪಕರಣಗಳ ಕೇಂದ್ರೀಯ ಸಂಸ್ಥೆ, 1962ರಿಂದ ಮೈಕ್ರಾನುಗಳ ಲೆಕ್ಕವನ್ನು ಈ ಊರಿಗೆ ಕಲಿಸುತ್ತ ಬಂದಿದೆ. ಪೀಣ್ಯದ ಶೆಡ್ಡುಗಳಲ್ಲೇ 1972ರಿಂದ ಇಸ್ರೊ ತಂಡ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಆರ್ಯಭಟವನ್ನು ಕಟ್ಟಿತು. ಅದು 19 ಏಪ್ರಿಲ್ 1975ರಂದು ಕಕ್ಷೆ ಸೇರಿತು. ಈ ಲೇಖನಕ್ಕೆ ಇನ್ನೂ ಹತ್ತಿರದ ಸಂಗತಿ ಬೇರೆ ಇದೆ. ಘರ್ಷಣೆ ಅಳೆಯುವ ಯಂತ್ರಗಳನ್ನೇ, ಅಂದರೆ ಟ್ರೈಬೋಮೀಟರುಗಳನ್ನೇ, ತಯಾರಿಸಿ ಹೊರದೇಶಗಳ ಪ್ರಯೋಗಾಲಯಗಳಿಗೂ ಕಳಿಸುವ ಡ್ಯುಕಾಮ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನದು, ಪೀಣ್ಯ ಕೈಗಾರಿಕಾ ಪ್ರದೇಶದಿಂದ ಬೆಳೆದದ್ದು.

ಕಾಮಾಕ್ಷಿಪಾಳ್ಯದ ಯಾವುದೇ ಶೆಡ್ಡಿನಲ್ಲಿ ಹಳೆಯ ಫಿಟ್ಟರ್ ಒಬ್ಬರು ಬೇರಿಂಗ್ ಪರೀಕ್ಷಿಸುವುದನ್ನು ನೋಡಬೇಕು. ಒಳಬಳೆಯನ್ನು ಎಡಗೈ ಬೆರಳಿಗೆ ಸಿಕ್ಕಿಸಿ, ಹೊರಬಳೆಯನ್ನು ಬಲಗೈಯಿಂದ ಒಮ್ಮೆ ತಿರುವಿ ಬಿಡುತ್ತಾರೆ. ಅದು ಎಷ್ಟು ಹೊತ್ತು ತಿರುಗಿತು, ನಿಲ್ಲುವಾಗ ಮೆಲ್ಲನೆ ನಿಂತಿತೋ ತಟ್ಟನೆ ನಿಂತಿತೋ, ಕಿವಿಗೆ ಏನಾದರೂ ಕೇಳಿಸಿತೋ ಎಂದು ಗಮನಿಸುತ್ತಾರೆ. ಅಳತೆಗೋಲು ಇಲ್ಲದಿದ್ದರೂ ಇದು ಅಳತೆಯೇ. ಪ್ರಯೋಗಾಲಯದ ಇಳಿವೇಗ ಪರೀಕ್ಷೆ ಇದರದೇ ಲೆಕ್ಕದ ರೂಪ. ಚಕ್ರವನ್ನು ವೇಗಕ್ಕೆ ತಂದು ಮೋಟಾರನ್ನು ಬಿಡಿಸಿ, ವೇಗ ಹೇಗೆ ಇಳಿಯುತ್ತದೆಂದು ದಾಖಲಿಸುತ್ತಾರೆ. ಚಕ್ರದ ಜಡತ್ವ ಗೊತ್ತಿದ್ದರೆ ಘರ್ಷಣೆಯ ತಿರುಗುಬಲ ಸಿಕ್ಕಂತೆಯೇ. ಜಡತ್ವ 0.01 ಕಿಲೋಗ್ರಾಂ-ಮೀಟರ್ ವರ್ಗ ಇರುವ ಚಕ್ರ ಪ್ರತಿ ಸೆಕೆಂಡಿಗೆ 0.1 ರೇಡಿಯನ್/ಸೆಕೆಂಡ್‌ನಷ್ಟು ವೇಗ ಕಳೆದುಕೊಂಡರೆ ತಿರುಗುಬಲ 0.001 ನ್ಯೂಟನ್-ಮೀಟರ್. ಇಲ್ಲಿ ಬಲವನ್ನು ಅಳೆಯುವ ಉಪಕರಣವೇ ಬೇಡ, ಗಡಿಯಾರ ಸಾಕು. ತೊಡಕು ಗಾಳಿಯದು. ಚಕ್ರವನ್ನು ಗಾಳಿಯೂ ಹಿಡಿದೆಳೆಯುತ್ತದೆ. ಆ ಪಾಲನ್ನು ಕಳೆಯದಿದ್ದರೆ ಗಾಳಿಯ ತಪ್ಪನ್ನು ಬೇರಿಂಗ್ ಮೇಲೆ ಹೊರಿಸಿದಂತಾಗುತ್ತದೆ.

ಹಿನ್ನೆಲೆ

ಘರ್ಷಣೆ ಭಾರಕ್ಕೆ ತಕ್ಕಂತೆ ಏರುತ್ತದೆ ಎಂಬುದನ್ನು 1699ರಲ್ಲಿ ಅಮೊಂಟೊನ್ಸ್, 1785ರಲ್ಲಿ ಕೂಲಂ ಸ್ಥಾಪಿಸಿದರು. ಎಣ್ಣೆಯ ಕಥೆ ಶುರುವಾಗುವುದು ನೂರು ವರ್ಷಗಳ ನಂತರ. 1883ರಲ್ಲಿ ಬೋಷಾಂ ಟವರ್ ಎಂಬ ಬ್ರಿಟಿಷ್ ಎಂಜಿನಿಯರ್ ರೈಲುಗಾಡಿಯ ಬೇರಿಂಗಿನ ಮೇಲೆ ಪ್ರಯೋಗ ಮಾಡುತ್ತ ಎಣ್ಣೆ ಹಾಕಲೆಂದು ನೆತ್ತಿಯಲ್ಲಿ ತೂತು ಕೊರೆದರು. ಅಚ್ಚು ತಿರುಗತೊಡಗಿದಾಗ ಎಣ್ಣೆ ಒಳಗೆ ಹೋಗುವ ಬದಲು ಮೇಲಕ್ಕೆ ಉಕ್ಕಿತು. ಬಿರಡೆ ಬಡಿದರೆ ಅದೂ ಹೊರಕ್ಕೆ ತಳ್ಳಲ್ಪಟ್ಟಿತು. ಎಣ್ಣೆಯ ಪೊರೆ ತಾನೇ ಒತ್ತಡ ಹುಟ್ಟಿಸಿಕೊಂಡು ಇಡೀ ಭಾರವನ್ನು ಎತ್ತಿ ಹಿಡಿದಿದೆ ಎಂದು ಹೀಗೆ ಗೊತ್ತಾಯಿತು. ಆ ಬೇರಿಂಗಿನಲ್ಲಿ ಟವರ್ ಅಳೆದ ಘರ್ಷಣಾಂಕ 0.001ರ ಮಟ್ಟಕ್ಕೆ ಇಳಿದಿತ್ತು. 1886ರಲ್ಲಿ ಆಸ್ಬರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತ ಕೊಟ್ಟರು. 1902ರಲ್ಲಿ ಜರ್ಮನಿಯ ರಿಚರ್ಡ್ ಸ್ಟ್ರೈಬೆಕ್ ವೇಗ ಏರಿದಂತೆ ಘರ್ಷಣೆ ಮೊದಲು ಇಳಿದು ಆಮೇಲೆ ಮೆಲ್ಲನೆ ಏರುವುದನ್ನು ತೋರಿಸಿದರು. ಆ ವಕ್ರರೇಖೆ ಇಂದಿಗೂ ಅವರ ಹೆಸರಿನಲ್ಲೇ ಇದೆ.

ಲೇಪನಗಳ ಕಡೆಯಿಂದ ನೋಡಿದರೆ, ವಜ್ರದಂಥ ಇಂಗಾಲವನ್ನು ಐಸೆನ್‌ಬರ್ಗ್ ಮತ್ತು ಶಾಬೊ 1971ರಲ್ಲಿ ವರದಿ ಮಾಡಿದರು. ಇದನ್ನೇ ಕಾರ್ಖಾನೆಯವರು ಡಿಎಲ್‌ಸಿ ಎನ್ನುವುದು. 1993ರಲ್ಲಿ ಫ್ರಾನ್ಸಿನ ಮಾರ್ಟಿನ್ ತಂಡ ನಿರ್ವಾತದಲ್ಲಿ ಮಾಲಿಬ್ಡಿನಂ ಡೈಸಲ್ಫೈಡ್ ಪದರದ ಘರ್ಷಣಾಂಕ 0.002ಕ್ಕಿಂತ ಕಡಿಮೆ ಎಂದು ತೋರಿಸಿತು. ಅಮೆರಿಕದ ಆರ್ಗೋನ್ ಪ್ರಯೋಗಾಲಯದಲ್ಲಿ ಎರ್ಡೆಮಿರ್ ಜಲಜನಕ ತುಂಬಿದ ಇಂಗಾಲದ ಪೊರೆಯನ್ನು ಒಣ ಸಾರಜನಕದಲ್ಲಿ 0.001ರ ಮಟ್ಟಕ್ಕೆ ತಂದರು. 2005ರಲ್ಲಿ ನಿಸ್ಸಾನ್ ಕಂಪನಿಯ ಮಕೊಟೊ ಕಾನೊ ಮತ್ತು ಸಂಗಡಿಗರು ಜಲಜನಕವಿಲ್ಲದ ಡಿಎಲ್‌ಸಿ ಮೇಲೆ ಗ್ಲಿಸರಾಲ್ ಹಾಕಿ 0.01ಕ್ಕಿಂತ ಕಡಿಮೆ ಘರ್ಷಣೆ ಕಂಡರು. ಎಣ್ಣೆಯ ಜಾಗದಲ್ಲಿ ಬೇರೆ ದ್ರವವಿದ್ದೂ, ಮೇಲ್ಮೈಗಳು ಒಂದನ್ನೊಂದು ಮುಟ್ಟುವ ಸ್ಥಿತಿಯಲ್ಲೂ ಇಷ್ಟು ಇಳಿಸಬಹುದೆಂದು ತೋರಿಸಿದ ಕೆಲಸ ಇದು. ಇದನ್ನು ಕಂಡು ವಾಹನ ಉದ್ಯಮ ಎದ್ದು ಕುಳಿತದ್ದಕ್ಕೆ ಕಾರಣವಿದೆ. ಜಗತ್ತು ಬಳಸುವ ಶಕ್ತಿಯಲ್ಲಿ ಸುಮಾರು ಶೇಕಡಾ 20ರಷ್ಟು ಘರ್ಷಣೆಯನ್ನು ಮೀರಲಿಕ್ಕೇ ಹೋಗುತ್ತದೆ ಎಂದು ಹೋಮ್‌ಬರ್ಗ್ ಮತ್ತು ಎರ್ಡೆಮಿರ್ 2017ರಲ್ಲಿ ಅಂದಾಜಿಸಿದ್ದಾರೆ.

ಅಳತೆ ಯಾಕೆ ಕಷ್ಟ

ಹೆಚ್ಚು ಬಳಕೆಯ ಯಂತ್ರ ಪಿನ್-ಆನ್-ಡಿಸ್ಕ್. ತಿರುಗುವ ತಟ್ಟೆಯ ಮೇಲೆ ಒಂದು ಪಿನ್ ಅಥವಾ ಗುಂಡನ್ನು ತೂಕದಿಂದ ಒತ್ತುತ್ತಾರೆ. ಪಿನ್ ಹಿಡಿದ ತೋಳನ್ನು ತಟ್ಟೆ ಎಳೆಯುವ ಬಲವನ್ನು ಲೋಡ್ ಸೆಲ್ ಓದುತ್ತದೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಮೊದಲು ಕಾಣುವ ಟ್ರೈಬೋಮೀಟರ್ ಸಾಮಾನ್ಯವಾಗಿ ಇದೇ.

ಈಗ ಲೆಕ್ಕ ಹಾಕೋಣ. ಭಾರ 20 ನ್ಯೂಟನ್, ಘರ್ಷಣಾಂಕ 0.005. ಹಾಗಾದರೆ ಘರ್ಷಣೆಯ ಬಲ 0.1 ನ್ಯೂಟನ್, ಅಂದರೆ ಸುಮಾರು 10 ಗ್ರಾಂ ತೂಕದಷ್ಟು. ಲೋಡ್ ಸೆಲ್ 200 ನ್ಯೂಟನ್ ವ್ಯಾಪ್ತಿಯದಾಗಿದ್ದು ಅದರ ನಿಖರತೆ ಪೂರ್ಣ ವ್ಯಾಪ್ತಿಯ ಶೇಕಡಾ 0.1 ಇದ್ದರೆ, ಅದು 0.2 ನ್ಯೂಟನ್‌ನಷ್ಟು ತಪ್ಪಬಹುದು. ಅಳೆಯಬೇಕಾದ ವಸ್ತುವಿಗಿಂತ ತಪ್ಪೇ ಎರಡು ಪಟ್ಟು! ಸೌದೆ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದ ಹಾಗೆ. ಸಾಲದ್ದಕ್ಕೆ, ಎಣ್ಣೆಯನ್ನು 100 ಡಿಗ್ರಿಗೆ ಕಾಯಿಸುವಾಗ ತೋಳು ಹಿಗ್ಗುತ್ತದೆ, ಲೋಡ್ ಸೆಲ್ ಬೆಚ್ಚಗಾಗುತ್ತದೆ, ಶೂನ್ಯ ಜರುಗುತ್ತದೆ. ಬೆಳಗ್ಗೆ ಶೂನ್ಯಕ್ಕೆ ಹೊಂದಿಸಿ ಮಧ್ಯಾಹ್ನದವರೆಗೆ ಅದನ್ನೇ ನಂಬಿದರೆ ಗ್ರಾಫಿನ ಗೆರೆ ಅರ್ಥ ಕಳೆದುಕೊಳ್ಳುತ್ತದೆ.

ಇದಕ್ಕಿಂತ ಕಪಟವಾದ ದೋಷ ಓರೆಯದು. ಬಲ ಅಳೆಯುವ ದಿಕ್ಕು ಜಾರುವ ಮೇಲ್ಮೈಗೆ ಸರಿಯಾಗಿ ಸಮಾಂತರವಾಗಿರದಿದ್ದರೆ, ಒತ್ತುವ ಭಾರದ ಒಂದು ಚೂರು ಘರ್ಷಣೆಯ ವೇಷ ಹಾಕಿಕೊಂಡು ಬರುತ್ತದೆ. ಓರೆ 1 ಡಿಗ್ರಿ ಇದ್ದರೆ ಘರ್ಷಣಾಂಕದಲ್ಲಿ 0.0175ರಷ್ಟು ತಪ್ಪು. ಘರ್ಷಣಾಂಕ 0.5 ಇದ್ದಾಗ ಇದು ಯಾರಿಗೂ ಕಾಣದು. 0.005 ಅಳೆಯುವಾಗ 0.3 ಡಿಗ್ರಿ ಓರೆಯೇ ಇಡೀ ಸಂಖ್ಯೆಯನ್ನು ನುಂಗುತ್ತದೆ. ಶೇಕಡಾ 5ರ ನಿಖರತೆ ಬೇಕೆಂದರೆ ಓರೆ 0.014 ಡಿಗ್ರಿಯೊಳಗಿರಬೇಕು, ಅಂದರೆ 100 ಮಿಲಿಮೀಟರ್ ಉದ್ದಕ್ಕೆ 25 ಮೈಕ್ರಾನ್. ಲೇತ್ ಕೂರಿಸುವ ಫಿಟ್ಟರ್ ಬಳಸುವ ಸ್ಪಿರಿಟ್ ಲೆವೆಲ್ ಮೀಟರಿಗೆ 0.02 ಮಿಲಿಮೀಟರ್ ಓರೆಯನ್ನು ತೋರಿಸಬಲ್ಲದು, ಇಲ್ಲಿ ಬೇಕಾದ್ದಕ್ಕಿಂತ ಹತ್ತು ಪಟ್ಟು ಸೂಕ್ಷ್ಮ. ಹಾಗಿದ್ದರೂ ಕೆಲಸ ಸುಲಭವಲ್ಲ. ಯಂತ್ರ ನೆಲಕ್ಕೆ ಸಮವಾಗಿದ್ದರೆ ಸಾಲದು. ಲೋಡ್ ಸೆಲ್ಲಿನ ಒಳಗಿನ ಸಂವೇದನೆಯ ದಿಕ್ಕು ಮೇಲ್ಮೈಗೆ ಸಮವಾಗಿರಬೇಕು, ಆ ದಿಕ್ಕು ಕಣ್ಣಿಗೆ ಕಾಣುವುದಿಲ್ಲ. ಭಾರ ಹಾಕಿದಾಗ ತೋಳು ಒಂದಿಷ್ಟು ಬಾಗುತ್ತದೆ, ಓರೆಯೂ ಬದಲಾಗುತ್ತದೆ.

ಈ ಲೆಕ್ಕವನ್ನು ಶಾಸ್ತ್ರೀಯವಾಗಿ ಬಿಡಿಸಿಟ್ಟವರು ಫ್ಲಾರಿಡಾ ವಿಶ್ವವಿದ್ಯಾಲಯದ ಷ್ಮಿಟ್ಜ್, ಸಾಯರ್ ಮತ್ತು ಸಂಗಡಿಗರು, 2005ರಲ್ಲಿ. ಪರಿಹಾರವನ್ನು 2009ರಲ್ಲಿ ಬರ್ರಿಸ್ ಮತ್ತು ಸಾಯರ್ ಬರೆದರು. ಓರೆಯನ್ನು ಪೂರ್ತಿ ತೆಗೆಯಲು ಹೆಣಗುವ ಬದಲು ದಿಕ್ಕು ತಿರುಗಿಸಿ ಅಳೆಯಿರಿ ಎನ್ನುವುದು ಅದರ ತಿರುಳು. ಮುಂದಕ್ಕೆ ಜಾರಿಸಿದಾಗ 0.0125 ಎಂದೂ, ಹಿಂದಕ್ಕೆ ಜಾರಿಸಿದಾಗ ಅದೇ ಚಿಹ್ನೆಯಲ್ಲಿ 0.0025 ಎಂದೂ ಓದು ಬಂತೆನ್ನಿ. ಹಿಂದಕ್ಕೆ ಹೋಗುವಾಗ ಘರ್ಷಣೆ ಎದುರು ದಿಕ್ಕಿಗೆ ಇರಬೇಕಿತ್ತು, ಆದರೆ ಯಂತ್ರ ಮೇಲ್ಮೈಗಳು ತಾವಾಗಿ ಜಾರುತ್ತಿವೆ ಎಂಬಂತೆ ತೋರಿಸುತ್ತಿದೆ. ಅಸಾಧ್ಯವಾದ ಈ ಓದೇ ನಿಜವಾದ ಸುಳಿವು. ಎರಡರ ವ್ಯತ್ಯಾಸದ ಅರ್ಧ 0.005, ಅದು ಘರ್ಷಣಾಂಕ. ಎರಡರ ಮೊತ್ತದ ಅರ್ಧ 0.0075, ಅದು ಓರೆ; ಸುಮಾರು 0.43 ಡಿಗ್ರಿ. ಮುಂದಿನ ಓದೊಂದನ್ನೇ ನಂಬಿದ್ದರೆ ಘರ್ಷಣೆ ಎರಡೂವರೆ ಪಟ್ಟು ಹೆಚ್ಚೆಂದು ಬರೆಯುತ್ತಿದ್ದೆವು. ಓರೆ ಇನ್ನೊಂದು ಕಡೆಗೆ ವಾಲಿದ್ದರೆ ಇದ್ದದ್ದಕ್ಕಿಂತಲೂ ಕಡಿಮೆ ಘರ್ಷಣೆಯ ಲೇಪನ ಕಂಡುಹಿಡಿದೆವೆಂದು ಸಂಭ್ರಮಿಸುತ್ತಿದ್ದೆವು. ಪ್ರಕಟವಾಗುವ ಅತ್ಯಲ್ಪ ಸಂಖ್ಯೆಗಳ ಬಗ್ಗೆ ಎಚ್ಚರ ಬೇಕಾದದ್ದು ಈ ಎರಡನೆಯ ಸಾಧ್ಯತೆಯಿಂದ. ದೊಡ್ಡ ಓದು ಬಂದರೆ ಯಂತ್ರವನ್ನು ಮತ್ತೆ ನೋಡುತ್ತೇವೆ, ಸಣ್ಣ ಓದು ಬಂದರೆ ಖುಷಿಯಾಗಿ ಬರೆದುಕೊಳ್ಳುತ್ತೇವೆ.

ತಿರುಗುವ ತಟ್ಟೆಯಲ್ಲಿ ಬೇರೆಯದೇ ವಿಷಯವೂ ಇದೆ. ತಟ್ಟೆ ತುಸು ವಾಲಿ ಕೂತಿದ್ದರೆ ಪಿನ್ ಒಂದು ಸುತ್ತಿನಲ್ಲಿ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ಇಡೀ ಸುತ್ತಿನ ಸರಾಸರಿಯಲ್ಲಿ ಆ ತಪ್ಪು ಅಳಿಸಿಹೋಗುತ್ತದೆ. ತೋಳಿನ ಓರೆ ಹಾಗಲ್ಲ, ಸುತ್ತು ಸುತ್ತಿಗೂ ಅಷ್ಟೇ ಉಳಿಯುತ್ತದೆ. ಅದಕ್ಕೆ ತಟ್ಟೆಯನ್ನು ಬಲಕ್ಕೂ ಎಡಕ್ಕೂ ತಿರುಗಿಸಿಯೇ ಅಳೆಯಬೇಕು. ಲಂಡನ್ನಿನ ಪಿಸಿಎಸ್ ಇನ್‌ಸ್ಟ್ರುಮೆಂಟ್ಸ್ ಮಾಡುವ ಮಿನಿ ಟ್ರ್ಯಾಕ್ಷನ್ ಮಷೀನ್‌ನಲ್ಲಿ ಗುಂಡು, ತಟ್ಟೆ ಎರಡೂ ಬೇರೆ ಬೇರೆ ವೇಗದಲ್ಲಿ ಉರುಳುತ್ತವೆ. ಒಮ್ಮೆ ಗುಂಡು ವೇಗವಾಗಿ, ಮತ್ತೊಮ್ಮೆ ತಟ್ಟೆ ವೇಗವಾಗಿ ಹೋಗುವಂತೆ ಮಾಡಿ ಎರಡರ ಸರಾಸರಿ ತೆಗೆಯುತ್ತಾರೆ. ಉಪಾಯ ಅದೇ.

ಓರೆಯನ್ನೇ ಸಾಧನವಾಗಿ ಬಳಸಿಕೊಂಡ ಉದಾಹರಣೆ ನಮ್ಮೂರಿನದೇ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರದೀಪ್ ಮೆನೆಜಸ್, ಕಿಶೋರ್, ಸತೀಶ್ ವಾಸು ಕೈಲಾಸ್ ಅವರು 2006ರ ಸುಮಾರಿಗೆ ಪ್ರಕಟಿಸಿದ ಪ್ರಯೋಗಗಳಲ್ಲಿ ಉಕ್ಕಿನ ಹಲಗೆಯನ್ನು ಬೇಕೆಂದೇ 1 ಡಿಗ್ರಿ ವಾಲಿಸಿ, ಅದರ ಮೇಲೆ ಪಿನ್ ಜಾರಿಸಿದರು. ಪಿನ್ ಸಾಗಿದಂತೆ ಭಾರ ತಾನೇ ಏರುತ್ತದೆ, ಒಂದೇ ಓಟದಲ್ಲಿ ಅನೇಕ ಭಾರಗಳ ಓದು ಸಿಗುತ್ತದೆ. ಓರೆಯ ಪಾಲನ್ನು ಸೂತ್ರದಿಂದ ಕಳೆದು ಘರ್ಷಣಾಂಕ ಪಡೆದರು. ಹಲಗೆ ಇಎನ್8 ಉಕ್ಕಿನದು, ರಾಜಾಜಿನಗರದ ಯಾವ ಲೇತಿನವರಿಗೂ ಪರಿಚಿತ. ಅವರು ಕಂಡುಕೊಂಡದ್ದು ಹೀಗೆ: ಗ್ರೈಂಡಿಂಗ್ ಗೀರುಗಳಿಗೆ ಅಡ್ಡವಾಗಿ ಜಾರಿದರೆ ಘರ್ಷಣೆ ಅತಿ ಹೆಚ್ಚು, ಗೀರುಗಳಿಗೆ ದಿಕ್ಕೇ ಇಲ್ಲದ ಪಾಲಿಶ್ ಮೇಲ್ಮೈಯಲ್ಲಿ ಅತಿ ಕಡಿಮೆ, ಎಣ್ಣೆ ಹಾಕಿದಾಗಲೂ ಗೀರಿನ ದಿಕ್ಕು ಮುಖ್ಯವೇ. ಲೇಪನ ಮಾಡಿಸುವವರಿಗೆ ಇದರಲ್ಲಿ ಪಾಠವಿದೆ. ಎರಡು ಮೈಕ್ರಾನ್ ಡಿಎಲ್‌ಸಿ ಕೆಳಗಿನ ಗೀರುಗಳನ್ನು ಮುಚ್ಚುವುದಿಲ್ಲ, ಅವುಗಳ ಆಕಾರವನ್ನೇ ತಾನೂ ಹೊದ್ದುಕೊಳ್ಳುತ್ತದೆ. ದಿಕ್ಕು ತಿರುಗಿಸಿ ಅಳೆಯುವವರೂ ಇದನ್ನು ನೆನಪಿಡಬೇಕು, ಏಕೆಂದರೆ ಆ ಉಪಾಯ ಎರಡೂ ಕಡೆ ಘರ್ಷಣೆ ಒಂದೇ ಎಂದು ಭಾವಿಸುತ್ತದೆ.

ಅಳೆದದ್ದು ಎಣ್ಣೆಯನ್ನೋ ಲೇಪನವನ್ನೋ?

ಯಂತ್ರದ ತಪ್ಪನ್ನೆಲ್ಲ ತೆಗೆದರೂ ಈ ಪ್ರಶ್ನೆ ಉಳಿಯುತ್ತದೆ. ಎಣ್ಣೆಯ ಪೊರೆ ಮೇಲ್ಮೈಗಳ ಒಟ್ಟು ಒರಟುತನದ ಮೂರು ಪಟ್ಟಿಗಿಂತ ದಪ್ಪವಿದ್ದರೆ ಎರಡೂ ಮೇಲ್ಮೈಗಳು ಮುಟ್ಟುವುದೇ ಇಲ್ಲ. ಆಗ ಅಳತೆಯಲ್ಲಿ ಬರುವುದು ಎಣ್ಣೆಯ ಸ್ನಿಗ್ಧತೆ, ಲೇಪನ ಬಹುಮಟ್ಟಿಗೆ ಪ್ರೇಕ್ಷಕ. ಪೊರೆ ಒರಟುತನಕ್ಕಿಂತ ತೆಳುವಾದಾಗ ಮಾತ್ರ ಲೇಪನದ ಗುಣ ಹೊರಬೀಳುತ್ತದೆ. ಈ ಎರಡರ ನಡುವಿನ ಮಿಶ್ರ ವಲಯದಲ್ಲಿ ಹೊಸ ಲೇಪನ ಘರ್ಷಣೆ ಇಳಿಸಿದೆ ಎಂದು ಕಂಡರೆ, ಅದು ಲೇಪನದ ರಾಸಾಯನಿಕ ಗುಣವೋ ಅಥವಾ ಲೇಪನಕ್ಕೆ ಮೊದಲು ಮಾಡಿದ ಲ್ಯಾಪಿಂಗ್‌ನ ನಯವೋ ಹೇಳಲಾಗದು. ಅದಕ್ಕೆ ಒಂದೇ ವೇಗದ ಒಂದೇ ಸಂಖ್ಯೆ ಸಾಲದು. ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತ ಇಡೀ ಸ್ಟ್ರೈಬೆಕ್ ರೇಖೆ ತೆಗೆಯಬೇಕು. ಲೇಪನವಿಲ್ಲದ, ಅಷ್ಟೇ ನಯವಾದ ಜೋಡಿಯ ರೇಖೆಯನ್ನು ಪಕ್ಕದಲ್ಲಿ ಇಡಬೇಕು.

ಆದರೂ ಮೇಲ್ಮೈಗಳು ಮುಟ್ಟದ ಪೂರ್ತಿ ಪೊರೆಯ ವಲಯದಲ್ಲೂ ಡಿಎಲ್‌ಸಿ ಒಂದಿಷ್ಟು ಘರ್ಷಣೆ ಇಳಿಸುವುದನ್ನು ಸ್ವೀಡನ್ನಿನ ಲುಲಿಯೊ ತಂಡ ಗಮನಿಸಿದೆ. ಕಾರಣ ಶಾಖ. ಡಿಎಲ್‌ಸಿ ಉಕ್ಕಿನಷ್ಟು ಸಲೀಸಾಗಿ ಶಾಖ ಸಾಗಿಸುವುದಿಲ್ಲ. ಉಜ್ಜುವ ಜಾಗದ ಎಣ್ಣೆ ಇನ್ನಷ್ಟು ಬಿಸಿಯಾಗಿ ತೆಳುವಾಗುತ್ತದೆ.

ಸವೆತ ಮಾಡುವ ಮೋಸ ಬೇರೆ. 6 ಮಿಲಿಮೀಟರ್ ಉಕ್ಕಿನ ಗುಂಡನ್ನು 10 ನ್ಯೂಟನ್ ಭಾರದಿಂದ ಉಕ್ಕಿನ ತಟ್ಟೆಗೆ ಒತ್ತಿದರೆ ಮುಟ್ಟುವ ಜಾಗ ಸುಮಾರು 0.12 ಮಿಲಿಮೀಟರ್ ಅಗಲ, ನಡುವಿನ ಒತ್ತಡ 1.4 ಗಿಗಾಪ್ಯಾಸ್ಕಲ್. ಗುಂಡಿನ ತುದಿ ಸವೆದು 0.4 ಮಿಲಿಮೀಟರ್ ಅಗಲದ ಚಪ್ಪಟೆ ಜಾಗವಾಯಿತೆಂದರೆ ಸರಾಸರಿ ಒತ್ತಡ 80 ಮೆಗಾಪ್ಯಾಸ್ಕಲ್‌ಗೆ ಕುಸಿಯುತ್ತದೆ. ಅಷ್ಟು ಕಡಿಮೆ ಒತ್ತಡದಲ್ಲಿ ಎಣ್ಣೆ ಸಲೀಸಾಗಿ ಒಳನುಗ್ಗುತ್ತದೆ, ಘರ್ಷಣೆ ಇಳಿಯುತ್ತದೆ. ಗ್ರಾಫ್ ನೋಡಿದವರಿಗೆ ಲೇಪನ ಕಾಲಕ್ರಮದಲ್ಲಿ ಉತ್ತಮವಾಯಿತೆಂದು ಕಾಣುತ್ತದೆ. ನಿಜಕ್ಕೂ ನಡೆದದ್ದು ಗುಂಡಿನ ಸವೆತ. ಪರೀಕ್ಷೆ ಮುಗಿದ ಮೇಲೆ ಗುಂಡನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗೆ ನೋಡದ ವರದಿಯನ್ನು ಒಪ್ಪಬಾರದು.

ಎಣ್ಣೆಯಲ್ಲಿನ ಸೇರ್ಪಡೆಗಳು ಉಕ್ಕಿಗಾಗಿ ರೂಪಿಸಿದವು. ಎಂಜಿನ್ ಆಯಿಲಿನ ಸತು-ರಂಜಕದ ಸೇರ್ಪಡೆ ಉಕ್ಕಿನ ಮೇಲೆ ಕಾಪಾಡುವ ಪೊರೆ ಕಟ್ಟುತ್ತದೆ, ಇಂಗಾಲದ ಮೇಲೆ ಅಷ್ಟು ಚೆನ್ನಾಗಿ ಕಟ್ಟುವುದಿಲ್ಲ. ಉಕ್ಕಿನಲ್ಲಿ ಘರ್ಷಣೆ ಇಳಿಸುವ ಮಾಲಿಬ್ಡಿನಂ ಸೇರ್ಪಡೆ ಜಲಜನಕವುಳ್ಳ ಡಿಎಲ್‌ಸಿಯ ಸವೆತವನ್ನು ಹೆಚ್ಚಿಸಬಲ್ಲದು. ಹಾಗಾಗಿ ಲೇಪನದ ಘರ್ಷಣಾಂಕ ಎಂಬ ಒಂಟಿ ಸಂಖ್ಯೆ ಇಲ್ಲ. ಇರುವುದು ಲೇಪನ, ಎದುರು ಮೇಲ್ಮೈ, ಎಣ್ಣೆ, ತಾಪ ಈ ನಾಲ್ಕರ ಕೂಡುಸಂಖ್ಯೆ.

ಹವೆಯನ್ನೂ ಬರೆದಿಡಬೇಕು. ಮಾಲಿಬ್ಡಿನಂ ಡೈಸಲ್ಫೈಡ್ ನಿರ್ವಾತದಲ್ಲಿ ಅದ್ಭುತ, ತೇವದ ಗಾಳಿಯಲ್ಲಿ ಹಲವು ಪಟ್ಟು ಒರಟು. ಉಪಗ್ರಹದ ಕೀಲುಗಳಿಗೆ ಅದು ಹೇಳಿಮಾಡಿಸಿದ್ದು, ಬೆಂಗಳೂರಿನ ಸೋನೆಗಲ್ಲ. ಜಲಜನಕ ತುಂಬಿದ ಡಿಎಲ್‌ಸಿ ಒಣ ಹವೆಯನ್ನು ಬಯಸುತ್ತದೆ, ಜಲಜನಕವಿಲ್ಲದ್ದು ತುಸು ತೇವವನ್ನು. ಮಾರ್ಚ್ ತಿಂಗಳ ಒಣ ಮಧ್ಯಾಹ್ನ ತೆಗೆದ ಓದನ್ನು ಆಗಸ್ಟಿನ ಮಳೆ ಬೆಳಗಿನ ಓದಿನ ಪಕ್ಕದಲ್ಲಿಟ್ಟು ಹೋಲಿಸುವುದು ಸರಿಯಲ್ಲ. ಎಣ್ಣೆ ಇದ್ದಾಗ ಈ ಪ್ರಭಾವ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ.

ಒಂದು ಒಳ್ಳೆಯ ಪರೀಕ್ಷೆ ನಡೆಯುವ ಬಗೆ

ತಟ್ಟೆ ಮತ್ತು ಗುಂಡನ್ನು ಅಸಿಟೋನ್‌ನಲ್ಲಿ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆದು ಒಣಗಿಸುತ್ತಾರೆ. ಬೆರಳು ತಾಗಿದರೆ ಮತ್ತೆ ತೊಳೆಯಬೇಕು. ಬೆರಳಿನ ಜಿಡ್ಡೇ ಒಂದು ಕೀಲೆಣ್ಣೆ. ಒರಟುತನ ಅಳೆದು ಬರೆದುಕೊಳ್ಳುತ್ತಾರೆ. ಎಣ್ಣೆ ಹಾಕಿ ತಾಪ ನೆಲೆಗೊಳ್ಳುವವರೆಗೆ ಕಾಯುತ್ತಾರೆ. ಆಮೇಲೆ, ಗುಂಡು ಇನ್ನೂ ಮೇಲಿರುವಾಗ, ಅದೇ ಬಿಸಿಯಲ್ಲಿ ಲೋಡ್ ಸೆಲ್ ಶೂನ್ಯ ನೋಡುತ್ತಾರೆ. ತಿಳಿದ ಸಣ್ಣ ತೂಕವೊಂದನ್ನು, ಉದಾಹರಣೆಗೆ 10 ಗ್ರಾಂ, ಸಣ್ಣ ರಾಟೆಯ ಮೇಲಿಂದ ದಾರದಲ್ಲಿ ಇಳಿಬಿಟ್ಟು ತೋಳನ್ನು ಎಳೆಸಿ, ಓದು ಸರಿಬರುತ್ತದೆಯೇ ಎಂದು ಪರೀಕ್ಷಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ಹೃದಯ ಈ ಹಂತ. ಅಳೆಯಬೇಕಾದಷ್ಟೇ ಸಣ್ಣ ಬಲವನ್ನು ಯಂತ್ರ ಗುರುತಿಸಬಲ್ಲದೋ ಇಲ್ಲವೋ ಎಂಬುದು ಒಂದು ದಾರ, ಒಂದು ತೂಕದಿಂದ ಗೊತ್ತಾಗಿಬಿಡುತ್ತದೆ. ನಂತರ ಭಾರ, ಓಟ, ದಿಕ್ಕು ತಿರುಗಿಸಿ ಮತ್ತೆ ಓಟ, ಕೊನೆಗೆ ಗುಂಡನ್ನು ಎತ್ತಿ ಮತ್ತೆ ಶೂನ್ಯ. ಶೂನ್ಯ ಎಷ್ಟು ಜರುಗಿದೆಯೋ ಅಷ್ಟನ್ನು ಅನಿಶ್ಚಿತತೆಯಲ್ಲಿ ಸೇರಿಸುತ್ತಾರೆ. ಹೊಸ ಜೋಡಿಗಳೊಡನೆ ಇದೆಲ್ಲವನ್ನೂ ಕನಿಷ್ಠ ಮೂರು ಬಾರಿ ಮಾಡುತ್ತಾರೆ.

ಪಿನ್-ಆನ್-ಡಿಸ್ಕ್‌ಗೆ ಎಎಸ್‌ಟಿಎಂ ಜಿ99, ಹಿಂದೆ ಮುಂದೆ ಜಾರಿಸುವ ಪರೀಕ್ಷೆಗೆ ಜಿ133, ಘರ್ಷಣಾಂಕವನ್ನು ಅಳೆದು ವರದಿ ಮಾಡುವ ಕ್ರಮಕ್ಕೆ ಜಿ115 ಎಂಬ ಮಾನದಂಡಗಳಿವೆ. ಇವುಗಳ ಹೆಸರು ವರದಿಯಲ್ಲಿ ಇದ್ದ ಮಾತ್ರಕ್ಕೆ 0.005 ಎಂಬ ಓದು ನಿಜವಾಗುವುದಿಲ್ಲ.

ಮಾಗಡಿ ರಸ್ತೆಯಲ್ಲೋ ಪೀಣ್ಯದಲ್ಲೋ ನಿಮ್ಮ ಪಂಪಿನ ಪ್ಲಂಜರಿಗೆ, ಅಚ್ಚಿಗೆ, ಗೇರಿಗೆ ಲೇಪನ ಮಾಡಿಸುವವರು ನೀವಾಗಿದ್ದರೆ, ಘರ್ಷಣಾಂಕದ ವರದಿ ಕೈಗೆ ಬಂದಾಗ ಮೊದಲು ನಾಲ್ಕು ವಿಷಯ ಕೇಳಿ: ಲೋಡ್ ಸೆಲ್ ಎಷ್ಟು ನ್ಯೂಟನ್ನಿನದು, ಎರಡೂ ದಿಕ್ಕಿನಲ್ಲಿ ಅಳೆದಿರಾ, ಎಣ್ಣೆ ಯಾವುದು ಮತ್ತು ಎಷ್ಟು ಬಿಸಿಯಿತ್ತು, ಸವೆದ ಗುಂಡಿನ ಫೋಟೋ ಎಲ್ಲಿ. ನಾಲ್ಕಕ್ಕೂ ಉತ್ತರ ಸಿಕ್ಕ ಮೇಲೆ ಲೇಪನದ ದರ ಮಾತಾಡಿ.